ದೊಡ್ಡಮ್ಮನ ಎಳೆತ

ಬೀದಿಯ ತಿರುವಿನಲ್ಲಿದ್ದ ಲಾಂಡ್ರಿಗೆ ಒಂದು ಫಲಕವೇನೋ ಇತ್ತು. ಆದರೆ ಆಟೋದವರಿಂದ ಹಿಡಿದು ಆಸ್ಪತ್ರೆಯ ಆಯಾಗಳವರೆಗೆ ಎಲ್ಲರ ಬಾಯಲ್ಲೂ ಅದು ‘ಓರಗಿತ್ತಿಯರ ಅಂಗಡಿ’. ಅಣ್ಣ ತಮ್ಮ ಇಬ್ಬರು ಸೇರಿ ಕಟ್ಟಿದ ಅಂಗಡಿ ಅದು. ಇಬ್ಬರೂ ತೀರಿಕೊಂಡು ವರ್ಷಗಳೇ ಆಗಿದ್ದವು. ಅಣ್ಣನ ಹೆಂಡತಿ ದೊಡ್ಡಮ್ಮ, ತಮ್ಮನ ಹೆಂಡತಿ ಚಿಕ್ಕಮ್ಮ. ಮನೆಯ ಮಕ್ಕಳು ಕರೆದದ್ದು ಬೀದಿಗೂ ಅಂಟಿಕೊಂಡು, ದೊಡ್ಡಮ್ಮನಿಗಿಂತ ಹಿರಿಯನಾದ ಎದುರುಮನೆಯ ಅಜ್ಜನೂ "ದೊಡ್ಡಮ್ಮಾ, ನನ್ನ ಶರ್ಟು ಆಯ್ತಾ?" ಎಂದೇ ಬಾಗಿಲಲ್ಲಿ ನಿಲ್ಲುತ್ತಿದ್ದ.

ಅಂಗಡಿ ಕೆಳಗೆ, ಮನೆ ಮೇಲೆ. ವ್ಯವಹಾರ ನೋಡಿಕೊಳ್ಳುತ್ತಿದ್ದವನು ದೊಡ್ಡಮ್ಮನ ಮಗ. ಗಿರಾಕಿಗಳನ್ನು ಸಂಭಾಳಿಸುತ್ತಿದ್ದವಳು ಅವನ ಹೆಂಡತಿ. ಒಗೆಯುವುದಕ್ಕೆ ಯಂತ್ರ ಬಂತು, ಒಣಗಿಸುವುದಕ್ಕೂ ಬಂತು. ಆದರೆ ಲಾಡ್ಜು, ಆಸ್ಪತ್ರೆಗಳಿಂದ ಬರುವ ದೊಡ್ಡ ದೊಡ್ಡ ಹಾಸುಬಟ್ಟೆಗಳನ್ನು ಮಡಚುವ ಕೆಲಸ ಮಾತ್ರ ಕೈಯದೇ ಆಗಿ ಉಳಿಯಿತು. ಅದಕ್ಕೆ ಇಬ್ಬರು ಬೇಕು. ಆ ತುದಿಗೊಬ್ಬರು, ಈ ತುದಿಗೊಬ್ಬರು. ಮೂಲೆಗಳನ್ನು ಬಿಗಿಯಾಗಿ ಹಿಡಿದು, ಹಿಂದಕ್ಕೆ ವಾಲಿ, ಒಮ್ಮೆ ಜೋರಾಗಿ ಎಳೆದು ಜಾಡಿಸಬೇಕು. ಆಗ ‘ಫಟ್’ ಎಂದು ಸದ್ದಾಗಿ ಸುಕ್ಕೆಲ್ಲ ಓಡಿಹೋಗುತ್ತದೆ. ಆಮೇಲೆ ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಎಳೆತ ಸರಿಯಿದ್ದರೆ ಇಸ್ತ್ರಿಗೆ ಅರ್ಧ ಕೆಲಸ ಕಡಿಮೆ.

ಈ ಎಳೆತವನ್ನು ಚಿಕ್ಕಮ್ಮನಿಗೆ ಕಲಿಸಿದವಳು ದೊಡ್ಡಮ್ಮನೇ. ಸೊಸೆಯಾಗಿ ಬಂದ ಹೊಸದರಲ್ಲಿ ಚಿಕ್ಕಮ್ಮ ಬಟ್ಟೆಯನ್ನು ಮುಟ್ಟಿದರೆ ನೋವಾಗುತ್ತದೇನೋ ಎಂಬಂತೆ ಹಿಡಿಯುತ್ತಿದ್ದಳು. "ಎಳಿಯೇ ಚಿಕ್ಕಿ! ಅದೇನು ಹಸುಗೂಸೇ? ಹರಿದ್ರೆ ಹರೀಲಿ, ನಿನ್ನ ಭಾವನ ಹತ್ರ ಬೈಸ್ಕೊಳ್ಳೋಕೆ ನಾನಿದ್ದೀನಿ" ಎಂದು ಗದರಿ ದೊಡ್ಡಮ್ಮ ಎಳೆದ ಎಳೆತಕ್ಕೆ ಹೊಸ ಸೊಸೆ ಮುಗ್ಗರಿಸಿ ಬುಟ್ಟಿಯೊಳಗೇ ಬಿದ್ದಿದ್ದಳು. ಅತ್ತೆ ಓಡಿ ಬಂದು ನೋಡಿದರೆ ಇಬ್ಬರು ಸೊಸೆಯರೂ ಬಟ್ಟೆಯ ರಾಶಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಯಾವ ಬಟ್ಟೆ ಯಾರದು ಎಂದು ತಿಳಿಯಲು ಮೂಲೆಯಲ್ಲಿ ಬಣ್ಣದ ದಾರದ ಗುರುತು ಹಾಕುವ ಉಪಾಯವೂ ದೊಡ್ಡಮ್ಮನದೇ. ಕೆಂಪು ದಾರದ ಎರಡು ಹೊಲಿಗೆ ಒಂದು ಆಸ್ಪತ್ರೆ, ಹಸಿರು ಗಂಟು ಒಂದು ಲಾಡ್ಜು, ಹೀಗೆ. ಅಂಗಡಿಯ ಕೊನೆಯಲ್ಲಿದ್ದ, ಬಟ್ಟೆ ಜೋಡಿಸಿಡುವ ಕಪಾಟಿನ ಒಂದೊಂದು ಅಂಕಣಕ್ಕೂ ಅದೇ ದಾರ ಕಟ್ಟಿತ್ತು. ದೊಡ್ಡಮ್ಮ ಮಾತ್ರ ಆ ಕಪಾಟಿನ ಕಡೆ ತಿರುಗಿಯೂ ನೋಡಿದವಳಲ್ಲ. ಬೆರಳ ತುದಿಯಲ್ಲಿ ಗುರುತು ಸವರಿ, ಮಾತಾಡುತ್ತ ಮಾತಾಡುತ್ತಲೇ ಇದು ಇವರದು, ಅದು ಅವರದು ಎನ್ನುತ್ತಿದ್ದಳು.

ಒಂದು ದಿನ ಚಿಕ್ಕಮ್ಮನಿಗೆ ಬಟ್ಟೆಯ ನಡು ಜೋಲುತ್ತಿದೆ ಎನ್ನಿಸಿತು. ‘ಫಟ್’ ಎನ್ನಬೇಕಾದದ್ದು ಮೆತ್ತಗೆ ‘ಉಫ್’ ಎಂದಿತು. ಆ ತುದಿಯಲ್ಲಿ ಅಕ್ಕನ ಕೈ ಸೋಲುತ್ತಿದೆ ಎಂದು ಚಿಕ್ಕಮ್ಮನಿಗೆ ಹೊಳೆದದ್ದು ಆಗಲೇ. ಆದರೆ ಹೇಳುವುದು ಹೇಗೆ? ಕಲಿಸಿದವಳಿಗೆ ಕಲಿತವಳು ‘ನಿನ್ನ ಕೈಲಿ ಆಗ್ತಿಲ್ಲ’ ಎನ್ನುವುದೇ? ಅವಳು ತನ್ನ ಎಳೆತವನ್ನೇ ಒಂದಿಷ್ಟು ಸಡಿಲ ಮಾಡಿದಳು. ಅಕ್ಕ ನಡೆಯುವ ದೂರ ಕಡಿಮೆಯಾಗಲೆಂದು ತಾನೇ ಮುಂದೆ ಮುಂದೆ ನಡೆದಳು. ಬುಟ್ಟಿಗೆ ಬಗ್ಗುವ ಕೆಲಸವನ್ನು ತಾನೇ ವಹಿಸಿಕೊಂಡಳು. ಗುರುತು ಸವರಿದ ಅಕ್ಕನ ಬೆರಳು ತಡೆದು ನಿಂತರೆ, ಅವಳು ಕೇಳುವ ಮೊದಲೇ "ಹಸಿರು ಗಂಟು, ಲಾಡ್ಜಿಂದು" ಎಂದು ತಾನೇ ಹೇಳಿಬಿಡುತ್ತಿದ್ದಳು. ಪ್ರೀತಿಯಿಂದಲೇ ಮಾಡಿದ್ದು. ಅದಕ್ಕೇ ಬಲು ಅಚ್ಚುಕಟ್ಟಾಗಿಯೂ ಮಾಡಿದಳು. ಬಟ್ಟೆ ದಿನದಿನಕ್ಕೂ ಜೋಲುತ್ತ ಹೋಯಿತು; ಇಸ್ತ್ರಿಯವನು ಗೊಣಗುತ್ತ ಹೋದ; ಮನೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ದೊಡ್ಡಮ್ಮನ ಬಳೆ ಮಣಿಕಟ್ಟಿನಿಂದ ಮೊಣಕೈವರೆಗೆ ಜಾರುತ್ತಿದ್ದುದನ್ನು ಎಲ್ಲರೂ ನೋಡಿದರು. ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾದರು.

ಮಗಳ ಎರಡನೆಯ ಹೆರಿಗೆಗೆಂದು ಚಿಕ್ಕಮ್ಮ ಅವಳ ಊರಿಗೆ ಹೋದಾಗ ಗುಟ್ಟು ಬಯಲಾಯಿತು. ಅವಳ ಜಾಗದಲ್ಲಿ ದೊಡ್ಡಮ್ಮನ ಸೊಸೆ ನಿಂತಳು. ಸೊಸೆಗೆ ಪ್ರಾಯದ ತೋಳು, ಮೇಲಾಗಿ ಹೊರಗೆ ಗಿರಾಕಿ ಕಾಯುತ್ತಿದ್ದ ಅವಸರ. ಬಟ್ಟೆ ಮಡಚುವವರು ಎಳೆಯುವ ಹಾಗೆಯೇ ಎಳೆದಳು.

"ನಾನು ಎಳೆದೆ ಚಿಕ್ಕತ್ತೆ, ಅತ್ತೆ ಬಟ್ಟೆ ಜೊತೆಗೇ ಬಂದ್ಬಿಟ್ರು" ಎಂದು ಅವಳು ಫೋನಿನಲ್ಲಿ ಬಿಕ್ಕಿದಳು. "ಗಾಳಿಪಟ ಬಂದ ಹಾಗೆ ಬಂದು ನೆಲಕ್ಕೆ ಬಿದ್ರು. ನಂದೇ ತಪ್ಪು."

"ನಿಂದಲ್ಲಮ್ಮ" ಎಂದ ಚಿಕ್ಕಮ್ಮ, ಮಗಳನ್ನು ಅವಳ ಅತ್ತೆಯ ಕೈಗೊಪ್ಪಿಸಿ ಸಿಕ್ಕಿದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ದೇವರ ಹೆಸರು ಬಿಟ್ಟರೆ ಅವಳ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಎಲುಬೇನೂ ಮುರಿದಿರಲಿಲ್ಲ. ಮರುದಿನ ಎಲ್ಲರೂ ದೊಡ್ಡಮ್ಮನನ್ನು ವಯಸ್ಸಾದವರನ್ನು ನೋಡುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರಮ್ಮ ಎಕ್ಸ್‌ರೇ ನೋಡಿ ಬದಿಗಿಟ್ಟರು. ಮುಷ್ಟಿಯ ಬಲ ಅಳೆಯುವ ಒಂದು ಹಿಡಿಯ ಸಾಧನ ಕೊಟ್ಟು "ಎಷ್ಟಾಗತ್ತೋ ಅಷ್ಟು ಜೋರಾಗಿ ಒತ್ತಿ" ಎಂದರು. ಅದರ ಮುಳ್ಳು ಅಲುಗಿತು, ಅಷ್ಟೇ. ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದರು. ದೊಡ್ಡಮ್ಮ ಎರಡು ಸಲ ಪ್ರಯತ್ನಿಸಿ, ಕುರ್ಚಿಯ ತೋಳು ಹಿಡಿದುಕೊಂಡಳು. ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆಸಿದರು. ಕೊನೆಗೆ, ಮೊದಲೇ ಹೇಳಿ ನೆನಪಿಟ್ಟುಕೊಳ್ಳಲು ಕೊಟ್ಟಿದ್ದ ಮೂರು ಪದಗಳನ್ನು ಕೇಳಿದರು: ಬಾಗಿಲು, ನಿಂಬೆಹಣ್ಣು, ರೈಲು.

"ರೈಲು" ಎಂದಳು ದೊಡ್ಡಮ್ಮ. ಸ್ವಲ್ಪ ಹೊತ್ತು ಚಾವಣಿ ನೋಡಿದಳು. "ಇನ್ನೆರಡೂ ಅದೇ ರೈಲು ಹತ್ಕೊಂಡು ಹೋದ್ವು ಡಾಕ್ಟ್ರೇ."

ಡಾಕ್ಟರಮ್ಮ ಮನಸಾರೆ ನಕ್ಕರು. ಆಮೇಲೆ ಕುರ್ಚಿಯನ್ನು ದೊಡ್ಡಮ್ಮನ ಹತ್ತಿರಕ್ಕೇ ಎಳೆದುಕೊಂಡು ಕುಳಿತರು.

"ಅಮ್ಮಾ, ನೀವು ಕಾಲು ಜಾರಿ ಬಿದ್ದಿದ್ದಲ್ಲ. ನಿಮ್ಮ ಮೈ ಸೊರಗಿದೆ. ತೂಕ ಇಳಿದಿದೆ, ಹಿಡಿತ ಸಡಿಲಾಗಿದೆ, ನಡಿಗೆ ನಿಧಾನ ಆಗಿದೆ."

"ವಯಸ್ಸಾದ ಮೇಲೆ ಇದೆಲ್ಲ ಇರೋದೇ ಅಲ್ವಾ ಡಾಕ್ಟ್ರೇ?" ಎಂದ ಮಗ.

"ವಯಸ್ಸೇ ಬೇರೆ, ಹೀಗೆ ಸೊರಗೋದೇ ಬೇರೆ. ಇವರಷ್ಟೇ ವಯಸ್ಸಾಗಿ ಗಟ್ಟಿಮುಟ್ಟಾಗಿರೋರೂ ನನ್ನ ಹತ್ರ ಬರ್ತಾರೆ. ಮೈ ಹೀಗೆ ಸೊರಗಿದವರಿಗೆ ಮುಂದೆ ಮರೆವಿನ ಕಾಯಿಲೆ ಬರೋ ಸಾಧ್ಯತೆ ಹೆಚ್ಚು. ಬಂದೇ ಬರತ್ತೆ ಅಂತಲ್ಲ, ಹೆದರ್ಕೋಬೇಡಿ. ಯಾವುದು ಯಾವುದರಿಂದ ಅಂತ ಹೇಳೋದೂ ಕಷ್ಟ. ಆದ್ರೆ ಎರಡೂ ಜೊತೆಜೊತೆಗೆ ಹೋಗೋದನ್ನ ನೋಡ್ತಾ ಇರ್ತೀವಿ. ರಕ್ತ ಪರೀಕ್ಷೆ ಮಾಡಿಸೋಣ, ಕಿವೀನೂ ನೋಡಿಸೋಣ, ಸರಿಯಾಗಿ ಕೇಳಿಸದೇ ಇದ್ರೂ ಮರೆವು ಹೆಚ್ಚಬಹುದು. ಮೈಗೆ ಶಕ್ತಿ ತುಂಬೋದು ಮಾತ್ರ ಇವತ್ತಿಂದಲೇ ಶುರು ಆಗ್ಬೇಕು. ಕೂರಿಸಿಬಿಡಬೇಡಿ."

ಮಗನ ಕಿವಿಗೆ ಬಿದ್ದದ್ದು ‘ಕಾಯಿಲೆ’ ಎಂಬುದೊಂದೇ. ಮನೆಗೆ ಬಂದವನೇ ಕಿಟಕಿಯ ಪಕ್ಕ ಒಂದು ಆರಾಮ ಕುರ್ಚಿ ಹಾಕಿಸಿದ. "ಅಮ್ಮ ಇನ್ನು ಕೆಳಗೆ ಬರೋದು ಬೇಡ. ಮೆಟ್ಟಿಲಲ್ಲಿ ಬಿದ್ರೆ ಏನು ಗತಿ? ಡಾಕ್ಟ್ರು ಮತ್ತೆ ನೋಡಿ, ಪರವಾಗಿಲ್ಲ ಅಂದ್ರೆ ಆಗ ನೋಡೋಣ. ಇಲ್ಲ ಅಂದ್ರೆ ಮೇಲೇ ಇರ್ಲಿ, ರಾಣಿ ಹಾಗೆ ನೋಡ್ಕೋತೀನಿ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅದಕ್ಕೇ ಚಿಕ್ಕಮ್ಮನಿಗೆ ಹೆಚ್ಚು ಭಯವಾಯಿತು. ತನ್ನ ಅತ್ತೆಯನ್ನೂ ಮಕ್ಕಳು ಇಷ್ಟೇ ಪ್ರೀತಿಯಿಂದ ಕೂರಿಸಿದ್ದರು. ತಟ್ಟೆ ಕುಳಿತಲ್ಲಿಗೆ, ನೀರು ಕುಳಿತಲ್ಲಿಗೆ. ಮೊದಲು ಅತ್ತೆಯ ಕಾಲು ಹೋಯಿತು, ಆಮೇಲೆ ಮಾತು ತಡವರಿಸಿತು. ಕೊನೆಗೊಂದು ದಿನ ಚಿಕ್ಕಮ್ಮನ ಮುಖ ನೋಡಿ "ನೀವು ಯಾರ ಮನೆಯವರಮ್ಮ?" ಎಂದಿದ್ದರು. ಅಕ್ಕನ ಬಾಯಿಂದ ಆ ಪ್ರಶ್ನೆ ಕೇಳುವ ಶಕ್ತಿ ತನಗಿಲ್ಲ ಎಂದು ಚಿಕ್ಕಮ್ಮನಿಗೆ ಗೊತ್ತಿತ್ತು.

ಕುರ್ಚಿಯಲ್ಲಿ ಕುಳಿತ ದೊಡ್ಡಮ್ಮ ದಿನೇ ದಿನೇ ಮಂಕಾದಳು. ಕೆಳಗಿನ ಯಂತ್ರದ ಗುಂಯ್‌ಗುಡುವಿಕೆಗೆ ಕಿವಿಗೊಟ್ಟು "ಆಸ್ಪತ್ರೆ ವ್ಯಾನು ಬಂತಾ?" ಎನ್ನುತ್ತಿದ್ದಳು. ಬಂದು ಹೋಯಿತು ಎಂದರೆ ತಲೆಯಾಡಿಸಿ, ಒಂದು ಗಳಿಗೆ ಬಿಟ್ಟು ಮತ್ತೆ "ವ್ಯಾನು ಬಂತಾ?" ಊಟದ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯುತ್ತಿತ್ತು.

ಒಂದು ಮಧ್ಯಾಹ್ನ ಚಿಕ್ಕಮ್ಮ ತಡೆಯಲಾರದೆ ಅವಳ ಕಾಲ ಬಳಿ ಕುಳಿತಳು.

"ಅಕ್ಕಾ, ಒಂದು ಮಾತು ಹೇಳ್ತೀನಿ, ಬೈಬಾರ್ದು."

"ಬೈಯೋ ಹಾಗಿದ್ರೆ ಬೈತೀನಿ. ಹೇಳು."

"ನಿನ್ನ ಕೈ ಸೋಲ್ತಾ ಇರೋದು ನಂಗೆ ಬಹಳ ಹಿಂದೇನೇ ಗೊತ್ತಾಗಿತ್ತು. ನಿಂಗೆ ಬೇಜಾರಾಗತ್ತೆ ಅಂತ ನಾನೇ ಸಡಿಲ ಬಿಡ್ತಾ ಬಂದೆ. ಆವತ್ತೇ ಬಾಯಿಬಿಟ್ಟಿದ್ರೆ ಡಾಕ್ಟ್ರ ಹತ್ರ ಹೋಗ್ಬಹುದಿತ್ತು."

ದೊಡ್ಡಮ್ಮ ಅವಳನ್ನೇ ದಿಟ್ಟಿಸಿದಳು. ಕಿಟಕಿಯ ಕಡೆ ನೋಡಿದಳು. ಮತ್ತೆ ಅವಳನ್ನು ನೋಡಿದಳು.

"ಅಂದ್ರೆ ನಿಂಗೆ ಕೈನೋವು ಇರ್ಲಿಲ್ವಾ?"

"ಯಾರಿಗೆ?"

"ನಿಂಗೇ ಕಣೇ! ನಿನ್ನ ಎಳೆತ ಸಡಿಲಾಯ್ತು. ಪಾಪ, ಕೀಲು ಹಿಡ್ಕೊಂಡಿರ್ಬೇಕು, ನನ್ನ ಹತ್ರ ಹೇಳ್ಕೊಳ್ಳೋಕೆ ನಾಚ್ಕೋತಾಳೆ, ಜೋರಾಗಿ ಎಳೆದ್ರೆ ನೋವಾಗತ್ತೆ ಅಂತ ನಾನೂ ಸಡಿಲ ಬಿಟ್ಟೆ."

ಅವಳು ಬಿಟ್ಟಳೆಂದು ಇವಳು, ಇವಳು ಬಿಟ್ಟಳೆಂದು ಅವಳು. ಒಬ್ಬರ ಮಾನ ಒಬ್ಬರು ಕಾಯುತ್ತ ಇಬ್ಬರೂ ಕೈ ಸೋತು ಕುಳಿತಿದ್ದರು. ಮೊದಲು ಸಡಿಲ ಬಿಟ್ಟವರು ಯಾರೆಂಬುದು ಮೇಲಿರುವವನಿಗೇ ಗೊತ್ತು.

"ನೀನೇ ಮೊದ್ಲು" ಎಂದಳು ದೊಡ್ಡಮ್ಮ.

"ನೀನೇ! ನಡು ಜೋಲಿದ್ದು ನಾನು ಕಣ್ಣಾರೆ ನೋಡಿದ್ದೀನಿ."

"ಜೋಲದೆ ಏನು? ನೀನು ಬಟ್ಟೆ ಹಿಡ್ಕೊಳ್ಳೋದು ಅಂದ್ರೆ ಬೆಕ್ಕಿನ ಬಾಲ ಹಿಡಿದ ಹಾಗೆ. ಮೊದಲಿಂದ ಹಾಗೇ."

"ಹೌದಾ? ಹಾಗಿದ್ರೆ ಏಳು. ಈಗ್ಲೇ ನೋಡೇಬಿಡೋಣ."

ಚಿಕ್ಕಮ್ಮ ಮಂಚದ ಮೇಲಿನ ಹಾಸುಬಟ್ಟೆಯನ್ನು ಸರ್ರೆಂದು ಎಳೆದು ಒಂದು ತುದಿ ಕೊಟ್ಟಳು. ದೊಡ್ಡಮ್ಮ ಮಂಚಕ್ಕೆ ಕಾಲು ಒರಗಿಸಿಕೊಂಡು ನಿಂತಳು. ಚಿಕ್ಕಮ್ಮ ಮೊದಲಿನ ಹಾಗೆ ಎಳೆದಳು. ಬಟ್ಟೆ ದೊಡ್ಡಮ್ಮನ ಬೆರಳುಗಳಿಂದ ನೀರಿನ ಹಾಗೆ ಜಾರಿತು. ಎರಡನೆಯ ಸಲವೂ ಜಾರಿತು. ದೊಡ್ಡಮ್ಮ ತನ್ನ ಖಾಲಿ ಅಂಗೈಗಳನ್ನು, ಯಾರದೋ ಕೈ ನೋಡುವಂತೆ, ತಿರುಗಿಸಿ ಮುರುಗಿಸಿ ನೋಡಿಕೊಂಡಳು.

ಅಳುತ್ತಾಳೇನೋ ಎಂದು ಚಿಕ್ಕಮ್ಮ ಹತ್ತಿರ ಬಂದಳು. ದೊಡ್ಡಮ್ಮ ಕೈಯೆತ್ತಿ ತಡೆದಳು.

"ಅಲ್ಲೇ ನಿಲ್ಲು. ಇನ್ಮೇಲೆ ನನ್ನ ಹತ್ರ ಸುಳ್ಳು ಎಳೆತ ಎಳೆಯಬಾರ್ದು. ನಾನೂ ಎಳೆಯೋದಿಲ್ಲ. ಡಾಕ್ಟ್ರು ಏನೇನು ಮಾಡು ಅಂದ್ರು? ಎಲ್ಲಾ ಹೇಳು, ನಂಗೆ ನೆನಪಿಲ್ಲ."

ಆ ‘ನೆನಪಿಲ್ಲ’ ಎಂಬ ಮಾತನ್ನು ದೊಡ್ಡಮ್ಮ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಎಷ್ಟೋ ಗಟ್ಟಿಗರ ಕೈಲಿ ಆಗದ ಕೆಲಸ ಅದು.

ಆಮೇಲೆ ಶುರುವಾದದ್ದನ್ನು ಮನೆಯವರು ಮೊದಮೊದಲು ತಮಾಷೆ ಎಂದುಕೊಂಡರು. ವ್ಯಾಯಾಮ ಕಲಿಸುವ ಹುಡುಗಿಯೊಬ್ಬಳು ಆಸ್ಪತ್ರೆಯಿಂದ ಬಂದು ತೋರಿಸಿಕೊಟ್ಟಳು. ಕೈಕಟ್ಟಿಕೊಂಡು ಕುರ್ಚಿಯಿಂದ ಏಳುವುದು, ಕೂರುವುದು. ಮೇಜು ಹಿಡಿದು ಹಿಮ್ಮಡಿ ಎತ್ತುವುದು. "ಶಾಲೇಲಿ ಲೆಕ್ಕ ತಪ್ಪಿದೋರಿಗೆ ಮಾಡಿಸ್ತಿದ್ರು ಇದನ್ನ" ಎಂದು ದೊಡ್ಡಮ್ಮ ಮೂಗು ಮುರಿದಳು, ಆದರೆ ಎದ್ದಳು. ಬಟ್ಟೆ ಮಡಚುವ ಕಥೆ ಕೇಳಿ ಆ ಹುಡುಗಿಗೆ ಖುಷಿಯೋ ಖುಷಿ. "ಅಜ್ಜಿ, ಇದಕ್ಕಿಂತ ಒಳ್ಳೆ ವ್ಯಾಯಾಮ ನಾನೂ ಹೇಳ್ಕೊಡಲಾರೆ. ಆದ್ರೆ ಬೆನ್ನ ಹಿಂದೆ ಮಂಚ ಇರ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು ಮಾಡಿ" ಎಂದಳು. ಹೀಗೆ ಕೆಳಗಿನಿಂದ ಒಂದೊಂದೇ ಬುಟ್ಟಿ ಬಟ್ಟೆ ಮೇಲೆ ಬರತೊಡಗಿತು. ಮೊದಲು ದಿಂಬಿನ ಚೀಲ, ಆಮೇಲೆ ಟವೆಲು, ಆಮೇಲೆ ಹಾಸುಬಟ್ಟೆ. ಸೊಸೆ ಪ್ರತಿ ಊಟಕ್ಕೂ ಮೊಟ್ಟೆಯೋ ಬೇಳೆಯೋ ಮೊಸರೋ ತಪ್ಪದಂತೆ ನೋಡಿಕೊಂಡಳು. ಅತ್ತೆ ತಟ್ಟೆ ಖಾಲಿ ಮಾಡುವವರೆಗೆ ಎದುರಿಗೇ ಕುಳಿತು ಬೀದಿಯ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಬಿದ್ದ ದಿನದ ಅಳುಕು ಅವಳಿಗಿನ್ನೂ ಹೋಗಿರಲಿಲ್ಲ.

ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಒಮ್ಮೆ ದೊಡ್ಡಮ್ಮ ಊಟ ಮಾಡಿದ್ದನ್ನೇ ಮರೆತು "ನಂಗೆ ಹೊಟ್ಟೆಗಿಲ್ಲದ ಹಾಗೆ ಮಾಡ್ತಿದ್ದೀರ" ಎಂದು ರಂಪ ಮಾಡಿದಳು. ಇನ್ನೊಮ್ಮೆ ಜ್ವರ ಬಂದು, ಕಷ್ಟಪಟ್ಟು ಗಳಿಸಿದ್ದ ಬಲವೆಲ್ಲ ಇಳಿದುಹೋಯಿತು. ಜ್ವರ ಬಿಟ್ಟ ಮೇಲೆ ಮೊದಲ ಸಲ ಬಟ್ಟೆ ಹಿಡಿದಾಗ ಅವಳ ತೋಳು ನಡುಗುತ್ತಿತ್ತು. ಚಿಕ್ಕಮ್ಮನಿಗೇ ತಿಳಿಯದಂತೆ ಅವಳ ಕೈ ಸಡಿಲಾಯಿತು.

"ಏಯ್" ಎಂದಳು ದೊಡ್ಡಮ್ಮ, "ಮತ್ತೆ ಶುರು ಹಚ್ಕೊಂಡ್ಯಾ?"

"ಜ್ವರದಿಂದ ಎದ್ದಿದ್ದೀಯಲ್ಲ ಅಕ್ಕ…"

"ಎದ್ದಿದ್ದೀನಿ ತಾನೇ? ಎಳಿ."

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡು ಎಳೆದಳು. ಬಟ್ಟೆ ಜಾರಿತು, ದೊಡ್ಡಮ್ಮ ಬಗ್ಗಿ ಅದನ್ನು ತಾನೇ ಎತ್ತಿಕೊಂಡಳು. ಆ ಹೊತ್ತಿನಲ್ಲಿ ಚಿಕ್ಕಮ್ಮ ಮನಸ್ಸಿನಲ್ಲಿ ಬೇಡಿಕೊಂಡದ್ದು ಅಕ್ಕನ ಆಯುಸ್ಸನ್ನಲ್ಲ. ‘ಇವಳು ಇರೋವರೆಗೂ ಇವಳಾಗೇ ಇರ್ಲಿ ತಂದೆ’ ಎಂದಷ್ಟೇ.

ಡಾಕ್ಟರಮ್ಮ ಮತ್ತೆ ನೋಡಬೇಕಾದ ದಿನ ಬಂದಾಗ ಮಗನೂ ಅಂಗಡಿ ಕೆಲಸ ಬಿಟ್ಟು ಜೊತೆಗೆ ಬಂದ. ದೊಡ್ಡಮ್ಮ ಕೈಕಟ್ಟಿಕೊಂಡೇ ಕುರ್ಚಿಯಿಂದ ಎದ್ದಳು. ಕೂತು ಮತ್ತೆ ಎದ್ದಳು. ಸಾಕು ಎಂದರೂ ಕೇಳದೆ ಇನ್ನೊಮ್ಮೆ ಎದ್ದು ಮಗನ ಮುಖ ನೋಡಿದಳು. ಹಿಡಿಯ ಸಾಧನವನ್ನು ಹಲ್ಲು ಕಚ್ಚಿ ಒತ್ತಿದಳು. ಡಾಕ್ಟರಮ್ಮನ ಹುಬ್ಬು ಮೇಲೇರಿತು. ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದ ಚಿಕ್ಕಮ್ಮನ ಕೈಗೂ ಅವರು ಅದನ್ನೇ ಕೊಟ್ಟರು. ಇವಳ ಮುಳ್ಳು ದೊಡ್ಡಮ್ಮನದಷ್ಟು ಮುಂದೆ ಹೋಗಲಿಲ್ಲ!

"ನೋಡಿದ್ಯಾ? ಬೆಕ್ಕಿನ ಬಾಲ" ಎಂದಳು ದೊಡ್ಡಮ್ಮ.

"ನೀವೂ ಇವರ ಜೊತೆ ಎಲ್ಲಾ ಮಾಡ್ಬೇಕಮ್ಮ, ನೋಡ್ತಾ ಕೂತ್ರೆ ಆಗಲ್ಲ" ಎಂದು ಡಾಕ್ಟರಮ್ಮ ಚಿಕ್ಕಮ್ಮನಿಗೆ ತಾಕೀತು ಮಾಡಿದರು.

ಪದಗಳ ಪರೀಕ್ಷೆಯಲ್ಲಿ ಈ ಸಲ ದೊಡ್ಡಮ್ಮನಿಗೆ ಎರಡು ಸಿಕ್ಕವು. ಮಗನ ಮುಖ ಅರಳಿತು. ಡಾಕ್ಟರಮ್ಮ ಅವನಿಗೆ ಸುಳ್ಳು ಆಸೆ ಹುಟ್ಟಿಸಲಿಲ್ಲ. "ಇದು ದಿನದಿಂದ ದಿನಕ್ಕೆ ಬದಲಾಗತ್ತೆ. ಮರೆವು ಪೂರ್ತಿ ಹೋಯ್ತು ಅಂತ ನಾನು ಹೇಳಲ್ಲ, ಮುಂದೆ ಬರಲ್ಲ ಅಂತಾನೂ ಹೇಳಲ್ಲ. ಈಗ ಹೆಚ್ಚಾಗಿಲ್ಲ, ಅದು ಸಣ್ಣ ವಿಷಯ ಅಲ್ಲ. ಮೈಯಂತೂ ನಿಜವಾಗಿ ಗಟ್ಟಿಯಾಗಿದೆ. ಕೆಳಗೆ ಬರ್ಲಿ ಬಿಡಿ. ಮೆಟ್ಟಿಲಿಗೆ ಎರಡೂ ಕಡೆ ಹಿಡ್ಕೊಳ್ಳೋಕೆ ಕಂಬಿ ಹಾಕ್ಸಿ."

ಆಸ್ಪತ್ರೆಯ ಗೇಟಿನ ಹತ್ತಿರ ಬಂದಾಗ ಮಗ "ಅಮ್ಮಾ, ನಂಗೆ ಹೆದರಿಕೆ ಕಣಮ್ಮ" ಎಂದ.

"ನಂಗೂ ಹೆದರಿಕೆನೇ ಕಣೋ. ಕೂತ್ಕೊಂಡು ಹೆದರೋದಕ್ಕಿಂತ ನಿಂತ್ಕೊಂಡು ಹೆದರ್ತೀನಿ, ಬಿಡು."

ಮೆಟ್ಟಿಲಿಗೆ ಕಂಬಿ ಬಂತು. ದೊಡ್ಡಮ್ಮ ಕೆಳಗಿಳಿದ ಬೆಳಿಗ್ಗೆ ಇಸ್ತ್ರಿಯವನು ಪೆಟ್ಟಿಗೆ ಪಕ್ಕಕ್ಕಿಟ್ಟು ಎದ್ದು ನಿಂತ. "ದೊಡ್ಡಮ್ಮ, ನೀವು ಬಂದ್ರಿ, ನನ್ನ ತೋಳು ಉಳೀತು" ಎಂದ. ಸೊಸೆ ಗಿರಾಕಿಗಳನ್ನು ಬಿಟ್ಟು ಒಳಬಾಗಿಲಲ್ಲಿ ಬಂದು ನಿಂತಳು. ಆಸ್ಪತ್ರೆಯ ಬಟ್ಟೆಗಳು ಇನ್ನೂ ಬೆಚ್ಚಗಿದ್ದವು. ಇಬ್ಬರೂ ಮಡಚತೊಡಗಿದರು. ಮೊದಲಿನ ‘ಫಟ್’ ಸದ್ದು ಬಂದದ್ದೂ ಉಂಟು, ಬಾರದ್ದೂ ಉಂಟು.

ಒಂದು ಬಟ್ಟೆಯ ಮೂಲೆಯಲ್ಲಿ ದೊಡ್ಡಮ್ಮನ ಬೆರಳು ತಡೆದು ನಿಂತಿತು. ನೀಲಿ ದಾರದ ಅಡ್ಡ ಹೊಲಿಗೆ. ಅವಳು ಅದನ್ನು ಸವರಿದಳು, ಮತ್ತೆ ಸವರಿದಳು. ಅದು ಯಾರದೆಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಮಾತು ತುಟಿಯವರೆಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡು, ತನ್ನ ತುದಿಯನ್ನು ಬಿಗಿಯಾಗಿ ಹಿಡಿದು ನಿಂತಳು. ಯಂತ್ರ ಒಂದು ಸುತ್ತು ಮುಗಿಸಿ ನಿಂತಿತು.

"ಬರ್ತಾ ಇಲ್ಲ ಕಣೇ" ಎಂದಳು ದೊಡ್ಡಮ್ಮ, ಮುಚ್ಚುಮರೆಯಿಲ್ಲದೆ. "ನೀನು ಹೇಳ್ಬೇಡ."

ಬಟ್ಟೆಯ ತುದಿಯನ್ನು ಮೇಜಿನ ಮೇಲಿಟ್ಟು, ಅಂಗಡಿಯ ಉದ್ದಕ್ಕೂ ನಡೆದು ಆ ಕೊನೆಯ ಕಪಾಟಿಗೆ ಹೋದಳು. ಅವಳ ಕೈ ಯಾವುದನ್ನೂ ಆಸರೆಗೆ ಹಿಡಿಯಲಿಲ್ಲ. ಕಟ್ಟಿದ್ದ ದಾರಗಳನ್ನು ಒಂದೊಂದಾಗಿ ನೋಡಿ, ನೀಲಿ ಸಿಕ್ಕಿದ ಕಡೆ ನಿಂತು, ಒಳಗಿದ್ದ ಮಕ್ಕಳ ಆಸ್ಪತ್ರೆಯ ಪುಟ್ಟ ದಿಂಬಿನ ಚೀಲವನ್ನು ಮುಟ್ಟಿ ನೋಡಿದಳು. ಹೋದ ಹಾಗೆಯೇ ನೆಟ್ಟಗೆ ತಿರುಗಿ ಬಂದಳು.

"ಮಕ್ಕಳ ಆಸ್ಪತ್ರೇದು" ಎಂದು ತನ್ನ ತುದಿಯನ್ನು ಎತ್ತಿಕೊಂಡಳು. "ತಲೆಗೆ ಬರ್ದೇ ಇದ್ರೆ ನಡೆದು ಹೋಗಿ ನೋಡ್ಕೊಂಡು ಬರ್ತೀನಿ. ಕಾಲಿದೆಯಲ್ಲ. ಹೂಂ, ಏನು ನೋಡ್ತಾ ನಿಂತಿದ್ದೀಯ? ಎಳಿ."